ಫಲಿತಾಂಶದ ಪಟ್ಟಿಯಲ್ಲಿ ಮಕ್ಕಳ ಸಮಯವೂ ಅಚ್ಚಾಗಲಿ

ಮಾನ್ಯ ಸಂಪಾದಕರೇ,

ತುಮಕೂರು ಜಿಲ್ಲೆಯಲ್ಲಿ ಹೋಬಳಿ ಮಟ್ಟದ ಶಾಲಾ ಕ್ರೀಡಾಕೂಟಗಳು ಮುಗಿದು ತಾಲ್ಲೂಕು ಕೂಟಗಳು ಶುರುವಾಗುವ ಹೊತ್ತಿದು. ಪಾವಗಡವಿರಲಿ, ತುರುವೇಕೆರೆಯಿರಲಿ, ಮೈದಾನದ ಅಂಚಿನಲ್ಲಿ ನಿಂತರೆ ಕೇಳುವ ಮಾತು ಒಂದೇ: ‘ಓಡೋ, ಓಡೋ, ಬಿಡಬೇಡ, ಇನ್ನೂ ಜೋರು!’ ಓಟ ಮುಗಿದ ಮೇಲೆ ಕೇಳುವುದೂ ಒಂದೇ: ‘ಪ್ರಾಕ್ಟೀಸಲ್ಲಿ ಚೆನ್ನಾಗೇ ಓಡ್ತಿದ್ದ, ಇಲ್ಲಿಗೆ ಬಂದು ಹೆದರಿಬಿಟ್ಟ. ಛಲ ಇಲ್ಲ.’ ಈ ಎರಡನೆಯ ಮಾತು ಮಗುವಿನ ತಲೆಯ ಮೇಲೆ ಹೊರಿಸುವ ತೀರ್ಪು. ಬಹುತೇಕ ಸಲ ಅದು ತಪ್ಪು ತೀರ್ಪು. ಛಲ ಇರುತ್ತದೆ, ಅದನ್ನು ಯಾವ ಕೆಲಸಕ್ಕೆ ಹೂಡಬೇಕು ಎಂಬುದನ್ನು ನಾವು ದೊಡ್ಡವರು ಹೇಳಿಕೊಟ್ಟಿರುವುದಿಲ್ಲ. ಇದರ ಬಗ್ಗೆ ಬರೆಯುತ್ತಲೇ ನಿಮ್ಮ ಪತ್ರಿಕೆಯಿಂದ ಒಂದು ಸಹಾಯವನ್ನೂ ಕೇಳಬೇಕಾಗಿದೆ.

ಸಹಾಯದ ವಿಷಯ ಮೊದಲು. ತಾಲ್ಲೂಕು ಕೂಟದ ಫಲಿತಾಂಶ ಪತ್ರಿಕೆಗಳಲ್ಲಿ ಬರುವಾಗ ಪ್ರಥಮ, ದ್ವಿತೀಯ, ತೃತೀಯ ಎಂದು ಹೆಸರುಗಳಷ್ಟೇ ಇರುತ್ತವೆ. ಎಷ್ಟು ಸೆಕೆಂಡ್, ಎಷ್ಟು ಮೀಟರ್ ಎಂಬುದು ಇರುವುದಿಲ್ಲ. ತಪ್ಪು ವರದಿಗಾರರದ್ದಲ್ಲ. ಬಹಳ ಕಡೆ ಮೈದಾನದಲ್ಲೇ ಸ್ಥಾನ ಮಾತ್ರ ಬರೆದುಕೊಳ್ಳುತ್ತಾರೆ. ಜಿಗಿತ, ಎಸೆತಗಳಲ್ಲಿ ಟೇಪ್ ಹಿಡಿಯಲೇಬೇಕಾದ್ದರಿಂದ ಅಳತೆ ಸಿಗುತ್ತದೆ, ಆದರೆ ಆ ಹಾಳೆ ಟೇಬಲ್ ಬಿಟ್ಟು ಆಚೆ ಬರುವುದಿಲ್ಲ. ಹೀಗಾಗಿ ಐದನೆಯವಳಾಗಿ ಬಂದ ಎಂಟನೇ ತರಗತಿಯ ಹುಡುಗಿಗೆ ಗೊತ್ತಾಗುವುದು ‘ನಾನು ಸೋತೆ’ ಎಂಬುದಷ್ಟೇ. ಹೋಬಳಿ ಕೂಟದ 100 ಮೀಟರ್ ಓಟದಲ್ಲಿ 15.1 ಸೆಕೆಂಡ್ ಓಡಿದ್ದವಳು ತಾಲ್ಲೂಕಿನಲ್ಲಿ 14.6 ಓಡಿದ್ದರೂ ಅವಳಿಗೆ ತಿಳಿಯುವ ದಾರಿಯೇ ಇಲ್ಲ. ಮುಂದಿನ ವರ್ಷ ಅವಳು ಹೆಸರು ಕೊಡುವುದಿಲ್ಲ.

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನಃಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ 1977ರಲ್ಲಿ, ‘ನನ್ನಿಂದ ಆಗುತ್ತದೆ’ ಎಂಬ ನಂಬಿಕೆ ಮನುಷ್ಯನಿಗೆ ನಾಲ್ಕು ಕಡೆಯಿಂದ ಬರುತ್ತದೆ ಎಂದು ವಿವರಿಸಿದರು. ತಾನೇ ಮಾಡಿ ಸಾಧಿಸಿದ್ದು, ತನ್ನಂಥವರೇ ಸಾಧಿಸಿದ್ದನ್ನು ಕಂಡದ್ದು, ಬೇರೆಯವರು ಹೇಳಿದ ಹುರುಪಿನ ಮಾತು, ಮೈಯಲ್ಲಿ ಆಗುವ ಎದೆಬಡಿತ, ನಡುಕದಂಥ ಸೂಚನೆಗಳು. ಇವುಗಳಲ್ಲಿ ಮೊದಲನೆಯದೇ ಎಲ್ಲಕ್ಕಿಂತ ಗಟ್ಟಿ. ಮೂರನೆಯದು, ಅಂದರೆ ಮಾತು, ಬೇಗ ಕರಗಿಹೋಗುವಂಥದ್ದು. ನಮ್ಮ ಮೈದಾನಗಳಲ್ಲಿ ನಡೆಯುತ್ತಿರುವುದು ಬಹುಪಾಲು ಈ ಮೂರನೆಯದೇ. ಮೊದಲನೆಯದು ಮಗುವಿಗೆ ಸಿಗಬೇಕಾದರೆ ಅದರ ಸಾಧನೆ ಅದರ ಕಣ್ಣಿಗೆ ಕಾಣಬೇಕು. ಸ್ಥಾನ ಅನ್ನುವುದು ಪಕ್ಕದ ಲೇನಿನಲ್ಲಿ ಯಾರು ಓಡುತ್ತಾರೆ ಎಂಬುದರ ಮೇಲೆ ನಿಂತಿದೆ. ಸಮಯ ಮಗುವಿನ ಸ್ವಂತದ್ದು.

ಸಮಯ ಹಿಡಿಯುವುದರಲ್ಲಿ ಆಗುವ ತಪ್ಪುಗಳನ್ನೂ ಹೇಳಿಬಿಡಬೇಕು. 100 ಮೀಟರ್ ದೂರ ನಿಂತವರು ಕ್ಲಾಪರ್ (ಓಟ ಶುರುಮಾಡಲು ಬಡಿಯುವ ಜೋಡಿ ಹಲಗೆ) ಸದ್ದು ಕೇಳಿ ವಾಚ್ ಒತ್ತಿದರೆ, ಸದ್ದು ಅಲ್ಲಿಗೆ ತಲುಪುವಷ್ಟರಲ್ಲಿ ಸುಮಾರು 0.3 ಸೆಕೆಂಡ್ ಕಳೆದಿರುತ್ತದೆ. ಮಗು ಓಡಿದ್ದಕ್ಕಿಂತ ವೇಗದ ಸಮಯ ಬರುತ್ತದೆ. ಹಲಗೆಗಳು ಕೂಡುವುದನ್ನು ಕಣ್ಣಿಂದ ನೋಡಿ ಒತ್ತಬೇಕು, ಪಿಸ್ತೂಲಾದರೆ ಹೊಗೆ ನೋಡಿ. ನಿಲ್ಲಿಸುವಾಗ ತಲೆಯನ್ನೋ ಕಾಲನ್ನೋ ಅಲ್ಲ, ಎದೆಯ ಭಾಗ ಗೆರೆ ಮುಟ್ಟುವುದನ್ನು ನೋಡಬೇಕು. ಮೂರು ವಾಚ್ ಇದ್ದರೆ ಮಧ್ಯದ ಸಮಯ, ಎರಡೇ ಇದ್ದರೆ ನಿಧಾನದ ಸಮಯ. 13.42 ಬಂದರೆ 13.5 ಎಂದು ಬರೆಯಬೇಕು, ಏಕೆಂದರೆ ಕೈಯಲ್ಲಿ ಹಿಡಿದ ಸಮಯವನ್ನು ಮೇಲಿನ ಹತ್ತನೇ ಭಾಗಕ್ಕೇ ಏರಿಸಬೇಕೆಂಬುದು ನಿಯಮ. ಜಿಲ್ಲೆ, ರಾಜ್ಯ ಮಟ್ಟದಲ್ಲಿ ಎಲೆಕ್ಟ್ರಾನಿಕ್ ಟೈಮಿಂಗ್ ಇದ್ದರೆ 100 ಮೀಟರ್‌ನಲ್ಲಿ ಅದೇ ಓಟಕ್ಕೆ ಸುಮಾರು 0.24 ಸೆಕೆಂಡ್ ಹೆಚ್ಚು ತೋರಿಸುತ್ತದೆ. ಇದನ್ನು ಮೊದಲೇ ಹೇಳದಿದ್ದರೆ ಮಗು ‘ನಿಧಾನವಾಗಿಬಿಟ್ಟೆ’ ಎಂದು ಸುಮ್ಮನೆ ಕುಗ್ಗುತ್ತದೆ.

ಶಾಲೆಯಲ್ಲಿ ಸಮಯ ಹಿಡಿಯುವುದು ದಿನಾ ಬೇಡ. ಎರಡು ವಾರಕ್ಕೊಮ್ಮೆ, ಒಂದೇ ಮೈದಾನದಲ್ಲಿ, ಬೆಳಗಿನ ಒಂದೇ ಹೊತ್ತಿನಲ್ಲಿ ಹಿಡಿದರೆ ಸಾಕು. ದಿನಾ ಹಿಡಿದರೆ ದಣಿವು, ನಿದ್ದೆಗೆಟ್ಟದ್ದು, ಹಸಿ ನೆಲ ಎಲ್ಲವೂ ಅಂಕಿಯೊಳಗೆ ಸೇರಿಕೊಂಡು ಏರುಪೇರಾಗುತ್ತದೆ, ಕೊನೆಗೆ ಆ ಅಂಕಿಯೇ ಬೆತ್ತವಾಗಿಬಿಡುತ್ತದೆ. ಮಗುವಿನದೇ ಒಂದು 40 ಪುಟದ ನೋಟ್‌ಬುಕ್ ಇರಲಿ. ದಿನಾಂಕ, ಸಮಯ, ಆ ದಿನ ಗಮನ ಕೊಟ್ಟ ಒಂದೇ ಒಂದು ಅಂಶ, ಇಷ್ಟನ್ನು ತಾನೇ ಬರೆದುಕೊಳ್ಳಲಿ. ಮೇಷ್ಟ್ರು ಬರೆದುಕೊಟ್ಟರೆ ಅದು ಮೇಷ್ಟ್ರ ಲೆಕ್ಕವಾಗುತ್ತದೆ.

ಗುರಿ ಇಡುವುದೂ ಇಲ್ಲಿಂದಲೇ ಸುಲಭವಾಗುತ್ತದೆ. ‘ಗೆಲ್ಲಬೇಕು’ ಅನ್ನುವುದು ಒಂದು ಗುರಿ, ‘14.4 ಓಡಬೇಕು’ ಇನ್ನೊಂದು, ‘ಮೊದಲ ಹತ್ತು ಹೆಜ್ಜೆ ತಲೆ ಎತ್ತದೆ ನೆಲ ತಳ್ಳಬೇಕು’ ಮತ್ತೊಂದು. ಮೂರೂ ಇರಲಿ, ಆದರೆ ಅವುಗಳ ಜಾಗ ಬೇರೆ ಬೇರೆ. ಗೆಲ್ಲುವ ಆಸೆ ಜೂನ್ ತಿಂಗಳಲ್ಲಿ ಮಗುವನ್ನು ಬೆಳಿಗ್ಗೆ ಐದೂವರೆಗೆ ಎಬ್ಬಿಸಲು ಒದಗುತ್ತದೆ. ಸೆಕೆಂಡಿನ ಗುರಿ ತಿಂಗಳ ತಾಲೀಮಿಗೆ ದಿಕ್ಕು ಕೊಡುತ್ತದೆ. ಸ್ಟಾರ್ಟಿಂಗ್ ಗೆರೆಯ ಹಿಂದೆ ಬಗ್ಗಿ ಕೂತಾಗ ಮೂರನೆಯದೊಂದೇ ತಲೆಯಲ್ಲಿರಬೇಕು. ನಾವು ಮಾಡುವ ದೊಡ್ಡ ತಪ್ಪೆಂದರೆ ಆ ಗೆರೆಯ ಬಳಿ ಹೋಗಿ ‘ಗೆದ್ದೇ ಬರಬೇಕು, ಶಾಲೆಯ ಮಾನ ನಿನ್ನ ಕೈಲಿದೆ’ ಅನ್ನುವುದು. ಆ ಮಾತಿನಲ್ಲಿ ಮಗು ಮಾಡಬಹುದಾದ ಕೆಲಸ ಏನೂ ಇಲ್ಲ.

ಒತ್ತಡದಲ್ಲಿ ಕೈಕಾಲು ಕಟ್ಟಿಹಾಕಿದಂತಾಗುವುದು ಏಕೆ ಎಂಬುದನ್ನು ತುಸು ಬಿಡಿಸಿ ಹೇಳಬೇಕು. ಚೆನ್ನಾಗಿ ರೂಢಿಯಾದ ಚಲನೆ ಯೋಚನೆಯ ಹಂಗಿಲ್ಲದೆ ನಡೆಯುತ್ತದೆ. ಭಯ ಹೆಚ್ಚಾದಾಗ ಮಗು ತನ್ನ ಮೈಯನ್ನೇ ಗಮನಿಸತೊಡಗುತ್ತದೆ: ಕಾಲು ಸರಿಯಾಗಿ ಬೀಳುತ್ತಿದೆಯೆ, ಕೈ ಎಲ್ಲಿದೆ. ಆಗ ರೂಢಿ ಮುರಿದು ಚಲನೆ ತುಂಡುತುಂಡಾಗುತ್ತದೆ. 1992ರಲ್ಲಿ ಬ್ರಿಟನ್‌ನಲ್ಲಿ ರಿಚ್ ಮಾಸ್ಟರ್ಸ್ ಎಂಬ ಸಂಶೋಧಕ ಗಾಲ್ಫ್ ಚೆಂಡು ತಳ್ಳುವ ಪ್ರಯೋಗ ನಡೆಸಿದಾಗ, ನಿಯಮಗಳ ಪಟ್ಟಿ ಓದಿ ಕಲಿತವರು ಒತ್ತಡದಲ್ಲಿ ಹೆಚ್ಚು ಎಡವಿದರು. ನಿಯಮ ಹೇಳಿಸಿಕೊಳ್ಳದೆ ಕಲಿತವರು ಅಷ್ಟು ಎಡವಲಿಲ್ಲ. ಗೆರೆಯಾಚೆ ನಿಂತು ‘ಮೊಣಕಾಲು ಎತ್ತು, ಕೈ ಬೀಸು, ಭುಜ ಸಡಿಲ ಬಿಡು’ ಎಂದು ಒಟ್ಟಿಗೇ ಕೂಗುವವರು ಆ ಪಟ್ಟಿಯನ್ನು ಓಡುತ್ತಿರುವ ಮಗುವಿನ ತಲೆಗೆ ತುಂಬುತ್ತಿರುತ್ತಾರೆ.

ಮಾತು ಬೇಕೇ ಬೇಕಿದ್ದರೆ ಒಂದೇ ಮಾತಿರಲಿ, ಮೈಯ ಹೊರಗಿನ ಗುರುತನ್ನು ತೋರಿಸುವಂಥದ್ದು. ಗೇಬ್ರಿಯೆಲ್ ವುಲ್ಫ್ ಎಂಬ ಸಂಶೋಧಕಿ 1990ರ ದಶಕದ ಕೊನೆಯಿಂದ ನಡೆಸಿದ ಪ್ರಯೋಗಗಳು ಇದನ್ನು ಮತ್ತೆ ಮತ್ತೆ ತೋರಿಸಿವೆ: ಗಮನ ದೇಹದ ಅಂಗದ ಮೇಲಿರುವುದಕ್ಕಿಂತ ಚಲನೆಯ ಪರಿಣಾಮದ ಮೇಲಿದ್ದಾಗ ಕೆಲಸ ಚೊಕ್ಕವಾಗುತ್ತದೆ. ‘ಕಾಲು ಚಾಚು’ ಅನ್ನುವ ಬದಲು ‘ನೆಲ ಹಿಂದಕ್ಕೆ ತಳ್ಳು’. ಗುಂಡು ಎಸೆತದಲ್ಲಿ ‘ಮೊಣಕೈ ಏಳಲಿ’ ಅನ್ನುವ ಬದಲು ‘ಗುಂಡನ್ನು ಆ ಮರದ ತುದಿಗೆ ತಳ್ಳು’. ಆ ಒಂದು ಮಾತನ್ನು ಮಗುವೇ ತನ್ನ ಮನೆಮಾತಿನಲ್ಲಿ ಆರಿಸಿಕೊಳ್ಳಲಿ. ಪಾವಗಡದ ಮಗು ತೆಲುಗಿನಲ್ಲೇ ಹೇಳಿಕೊಂಡರೂ ಸರಿ.

ಜನರೆದುರು ಏನಾಗುತ್ತದೆ ಎಂಬುದನ್ನು ಮನಃಶಾಸ್ತ್ರಜ್ಞ ರಾಬರ್ಟ್ ಝಯಾನ್ಸ್ 1965ರಲ್ಲಿ ವಿವರಿಸಿದ್ದು ಇವತ್ತಿಗೂ ಕೆಲಸಕ್ಕೆ ಬರುತ್ತದೆ. ನೋಡುವವರಿದ್ದಾಗ ಯಾವುದು ಹೆಚ್ಚು ರೂಢಿಯಾಗಿದೆಯೋ ಅದೇ ಮುನ್ನುಗ್ಗುತ್ತದೆ. ಪಳಗಿದ ಕೌಶಲ ಜನರೆದುರು ಇನ್ನಷ್ಟು ಮಿಂಚುತ್ತದೆ, ಅರೆಬರೆ ಕಲಿತದ್ದು ಇನ್ನಷ್ಟು ಕೆಡುತ್ತದೆ. ಆದ್ದರಿಂದ ಕೂಟಕ್ಕೆ ಎರಡು ವಾರ ಉಳಿದಿರುವಾಗ ಯಾವ ತಂತ್ರವನ್ನೂ ಬದಲಿಸಬಾರದು. ಹೊಸ ಸ್ಟಾರ್ಟ್, ಹೊಸ ಬ್ಯಾಟನ್ ಹಿಡಿತ, ಕಬಡ್ಡಿಯಲ್ಲಿ ಹೊಸ ಪಟ್ಟು, ಯಾವುದೂ ಬೇಡ. ಹೊಸ ಶೂ ಅಂತೂ ಬೇಡವೇ ಬೇಡ; ಬರಿಗಾಲಲ್ಲಿ ಓಡಿ ರೂಢಿಯಾದ ಮಗುವಿಗೆ ಕೂಟದ ಬೆಳಿಗ್ಗೆ ಸ್ಪೈಕ್ಸ್ ತೊಡಿಸುವುದು ಪ್ರೀತಿಯಿಂದಲೇ ಮಾಡುವ ದೊಡ್ಡ ಅನ್ಯಾಯ.

ಉದ್ದ ಜಿಗಿತದಲ್ಲಿ ಮನಸ್ಸು ಮೈಗೆ ಇಳಿಯುವುದನ್ನು ಕಣ್ಣಾರೆ ನೋಡಬಹುದು. ಹುರುಪು ಏರಿದಾಗ ಹೆಜ್ಜೆ ಉದ್ದವಾಗುತ್ತದೆ. ಹದಿನಾಲ್ಕು ಹೆಜ್ಜೆಯ ಓಟದಲ್ಲಿ ಹೆಜ್ಜೆಗೆ ಎರಡು ಸೆಂ.ಮೀ. ಹೆಚ್ಚಾದರೂ ಒಟ್ಟು 28 ಸೆಂ.ಮೀ.; ಟೇಕಾಫ್ ಹಲಗೆಯ ಅಗಲವೇ 20 ಸೆಂ.ಮೀ. ಹೀಗಾಗಿ ತಾಲೀಮಿನಲ್ಲಿ ಕರಾರುವಾಕ್ಕಾಗಿ ಬೀಳುತ್ತಿದ್ದ ಕಾಲು ಕೂಟದಲ್ಲಿ ಹಲಗೆ ದಾಟಿ ಫೌಲ್ ಆಗುತ್ತದೆ. ಎರಡನೇ ಸಲ ಮಗು ಹೆದರಿ ಕೊನೆಯಲ್ಲಿ ಹೆಜ್ಜೆ ಕುಗ್ಗಿಸುತ್ತದೆ, ವೇಗ ಸಾಯುತ್ತದೆ. ಮೂರೇ ಅವಕಾಶ ಕೊಡುವ ನಮ್ಮ ಕೂಟಗಳಲ್ಲಿ ಅಲ್ಲಿಗೆ ಕಥೆ ಮುಗಿಯಿತು. ಇದಕ್ಕೆ ಧೈರ್ಯದ ಭಾಷಣ ಬೇಡ, ಟೇಪ್ ಬೇಕು. ಓಟ ಶುರುಮಾಡುವ ಗುರುತನ್ನು ಹಲಗೆಯಿಂದ ಅಳೆದು ನೋಟ್‌ಬುಕ್ಕಿನಲ್ಲಿ ಬರೆದಿಡಬೇಕು. ಕೂಟದ ದಿನ ಮೊದಲ ಜಿಗಿತಕ್ಕೆ ಆ ಗುರುತನ್ನು ಒಂದು ಅಡಿ ಹಿಂದಕ್ಕೆ ಸರಿಸಿ ಒಂದು ಸರಿಯಾದ ಜಿಗಿತವನ್ನು ಖಾತೆಗೆ ಹಾಕಿಕೊಳ್ಳಬೇಕು. ಹಲಗೆಯಿಂದ ನಾಲ್ಕು ಹೆಜ್ಜೆ ಹಿಂದೆ ಮೇಷ್ಟ್ರು ಇನ್ನೊಂದು ಗುರುತಿಟ್ಟು ಕಾಲು ಎಲ್ಲಿ ಬೀಳುತ್ತಿದೆ ಎಂದು ನೋಡಿದರೆ ತಪ್ಪು ಎಲ್ಲಿ ಶುರುವಾಯಿತೆಂಬುದು ತಿಳಿಯುತ್ತದೆ. ನುರಿತ ಜಿಗಿತಗಾರರು ಕೊನೆಯ ಕೆಲವು ಹೆಜ್ಜೆಗಳನ್ನು ಕಣ್ಣಳತೆಯಿಂದಲೇ ಹೊಂದಿಸಿಕೊಳ್ಳುತ್ತಾರೆ ಎಂದು 1982ರ ಒಂದು ಪ್ರಸಿದ್ಧ ಅಧ್ಯಯನ ತೋರಿಸಿದೆ. ತಲೆ ತಗ್ಗಿಸಿ ಹಲಗೆಯನ್ನೇ ಹುಡುಕುವ ಮಗುವಿಗೆ ಆ ಹೊಂದಿಕೆ ಸಿಗುವುದಿಲ್ಲ.

ಮೊದಲ ಪ್ರಯತ್ನದ ಬೆಲೆ ಏನೆಂಬುದಕ್ಕೆ ನೀರಜ್ ಚೋಪ್ರಾ ಅವರನ್ನೇ ನೋಡಿ. 2021ರ ಟೋಕಿಯೊ ಒಲಿಂಪಿಕ್ಸ್‌ನ ಜಾವೆಲಿನ್ ಫೈನಲ್‌ನಲ್ಲಿ ಅವರ ಮೊದಲ ಎಸೆತ 87.03 ಮೀಟರ್. ಎರಡನೆಯದು 87.58 ಆಗಿ ಚಿನ್ನದ ಅಂಕಿಯಾಯಿತು, ಆದರೆ ಬೆಳ್ಳಿ ಗೆದ್ದವರ ದೂರ 86.67 ಆದ್ದರಿಂದ ಮೊದಲ ಎಸೆತವೊಂದೇ ಸಾಕಿತ್ತು. 2024ರ ಪ್ಯಾರಿಸ್‌ನಲ್ಲಿ ಅರ್ಷದ್ ನದೀಮ್ 92.97 ಎಸೆದ ಮೇಲೆ ನೀರಜ್ 89.45 ಎಸೆದು ಬೆಳ್ಳಿ ಗೆದ್ದರು; ಆರರಲ್ಲಿ ಉಳಿದ ಐದೂ ಫೌಲ್. ಅಷ್ಟು ಪಳಗಿದ ಆಟಗಾರನಿಗೇ ಹೀಗಾಗಬಹುದಾದರೆ ಹದಿನಾಲ್ಕರ ಮಗುವಿನ ಫೌಲಿಗೆ ಬೈಯುವವರು ಒಂದು ಕ್ಷಣ ಯೋಚಿಸಲಿ.

800 ಮೀಟರ್ ಓಟ ಇನ್ನೊಂದು ಪಾಠ. 2 ನಿಮಿಷ 40 ಸೆಕೆಂಡ್ ಓಡಬಲ್ಲ ಹುಡುಗಿ 200 ಮೀಟರ್ ಸುತ್ತಿನ ಮೈದಾನದಲ್ಲಿ ಪ್ರತಿ ಸುತ್ತಿಗೆ ಸುಮಾರು 40 ಸೆಕೆಂಡ್ ತೆಗೆದುಕೊಳ್ಳಬೇಕು. ಕೂಗಾಟದ ನಡುವೆ ಮೊದಲ ಸುತ್ತನ್ನು 33ರಲ್ಲಿ ಮುಗಿಸಿದರೆ ಮೂರನೇ ಸುತ್ತಿಗೆ ಕಾಲು ಕಲ್ಲಾಗುತ್ತದೆ, ಕೊನೆಯ ಸುತ್ತು 50 ದಾಟುತ್ತದೆ. ನೋಡುವವರಿಗೆ ಅದು ‘ಕೊನೆಯಲ್ಲಿ ಬಿಟ್ಟುಕೊಟ್ಟಳು’ ಎಂದು ಕಾಣುತ್ತದೆ. ಅವಳು ಬಿಟ್ಟುಕೊಟ್ಟದ್ದಲ್ಲ, ಮೊದಲ ಸುತ್ತಿನಲ್ಲೇ ಖರ್ಚಾಗಿ ಹೋದದ್ದು. ವಾರಕ್ಕೆ ಒಂದು ದಿನ 200 ಮೀಟರ್ ಓಟ ನಾಲ್ಕು ಸಲ, ನಡುವೆ ಎರಡು ನಿಮಿಷ ನಡಿಗೆ. ವಾಚ್ ತೋರಿಸದೆ ‘ಎಷ್ಟಾಯಿತು ಹೇಳು’ ಎಂದು ಅವಳನ್ನೇ ಕೇಳಬೇಕು. ಆರು ವಾರದಲ್ಲಿ ಒಂದೆರಡು ಸೆಕೆಂಡ್ ಆಚೀಚೆ ಸರಿಯಾಗಿ ಹೇಳುವಷ್ಟು ಮೈ ಪಳಗುತ್ತದೆ. ಆಮೇಲೆ ಪಕ್ಕದವಳು ಚಿಮ್ಮಿ ಮುಂದೆ ಹೋದರೂ ಅವಳು ಬೆದರುವುದಿಲ್ಲ. ಕೂಟದ ದಿನ ಕೂಗುವ ಆಸೆ ಇರುವವರು ಮೊದಲ ಸುತ್ತಿನಲ್ಲಿ ಬಾಯಿ ಬಿಗಿಹಿಡಿದು ಮೂರನೇ ಸುತ್ತಿಗೆ ಕೂಗಲಿ.

ಎದೆಬಡಿತದ ಬಗ್ಗೆ ‘ಹೆದರಬೇಡ’ ಎಂದು ಹೇಳುವುದರಿಂದ ಏನೂ ಉಪಯೋಗವಿಲ್ಲ. ಹಾರ್ವರ್ಡ್‌ನ ಆಲಿಸನ್ ವುಡ್ ಬ್ರೂಕ್ಸ್ 2014ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ‘ಶಾಂತವಾಗಿದ್ದೇನೆ’ ಎಂದುಕೊಂಡವರಿಗಿಂತ ‘ಹುರುಪಾಗಿದ್ದೇನೆ’ ಎಂದುಕೊಂಡವರು ಚೆನ್ನಾಗಿ ಮಾಡಿದರು. ಅವು ಹಾಡು, ಭಾಷಣ, ಲೆಕ್ಕದ ಕೆಲಸಗಳು, ಓಟವಲ್ಲ. ಆದರೂ ಕಾರಣ ಮೈದಾನಕ್ಕೂ ಹೊಂದುತ್ತದೆ. ಬಡಿಯುವ ಎದೆಯನ್ನು ಅಪ್ಪಣೆಯಿಂದ ನಿಲ್ಲಿಸಲಾಗದು, ಅದಕ್ಕೆ ಬೇರೆ ಅರ್ಥ ಕೊಡಬಹುದು: ಮೈ ಓಡಲು ಸಿದ್ಧವಾಗುತ್ತಿದೆ. ಇದರ ಜೊತೆಗೆ ನಾಲ್ಕು ಎಣಿಸುವಷ್ಟು ಉಸಿರು ಒಳಗೆ, ಆರು ಎಣಿಸುವಷ್ಟು ಹೊರಗೆ, ಹೀಗೆ ಐದಾರು ಸಲ. ಒಂದು ನಿಮಿಷದ ಕೆಲಸ. ಇದನ್ನೂ ಕೂಟದ ದಿನ ಮೊದಲ ಸಲ ಹೇಳಿಕೊಟ್ಟರೆ ಪ್ರಯೋಜನವಿಲ್ಲ, ದಿನದ ತಾಲೀಮಿನಲ್ಲಿ ಸೇರಿಸಬೇಕು. ವಾಲಿಬಾಲ್ ಸರ್ವಿಸ್‌ಗೂ ಹೀಗೇ: ವಿಸಿಲ್ ಆದ ಮೇಲೆ ಎಂಟು ಸೆಕೆಂಡ್ ಸಮಯವಿದೆ. ಚೆಂಡು ಮೂರು ಸಲ ನೆಲಕ್ಕೆ ಬಡಿ, ಒಂದು ಉಸಿರು ಬಿಡು, ಚೆಂಡು ಬೀಳಬೇಕಾದ ಜಾಗ ನೋಡು, ಹೊಡಿ. 24–24 ಆದಾಗಲೂ ಅದೇ ಕ್ರಮ. ನಮ್ಮ ಮಕ್ಕಳು ಅಂಥ ಹೊತ್ತಿನಲ್ಲಿ ಅವಸರ ಮಾಡಿ ವಿಸಿಲಿನ ಹಿಂದೆಯೇ ಹೊಡೆದು ಬಲೆಗೆ ಹಾಕುತ್ತಾರೆ.

ಎಲ್ಲರಿಗೂ ಒಂದೇ ಅಳತೆಯ ಹುರುಪು ಸಲ್ಲದು. ರಷ್ಯಾ ಮೂಲದ ಕ್ರೀಡಾ ಮನಃಶಾಸ್ತ್ರಜ್ಞ ಯೂರಿ ಹಾನಿನ್ ತೋರಿಸಿದಂತೆ ಒಬ್ಬೊಬ್ಬ ಆಟಗಾರನಿಗೂ ಅವನದೇ ಒಂದು ಹದ ಇರುತ್ತದೆ. ಪ್ರತಿ ಸ್ಪರ್ಧೆಗೆ ಮುಂಚೆ ‘ಹತ್ತಕ್ಕೆ ಎಷ್ಟು ತಳಮಳ?’ ಎಂದು ಕೇಳಿ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಐದಾರು ಸ್ಪರ್ಧೆಯ ನಂತರ ಒಳ್ಳೆಯ ಸಮಯಗಳು ಯಾವ ಅಂಕಿಯ ಜೊತೆ ಬಂದಿವೆ ಎಂದು ನೋಡಿ. ಏಳರಲ್ಲಿ ಚೆನ್ನಾಗಿ ಓಡುವ ಮಗುವನ್ನು ಸಮಾಧಾನ ಮಾಡಿ ಮೂರಕ್ಕೆ ಇಳಿಸುವುದೂ ತಪ್ಪು, ನಾಲ್ಕರಲ್ಲಿ ಚೆನ್ನಾಗಿ ಎಸೆಯುವ ಮಗುವಿನ ಬೆನ್ನು ತಟ್ಟಿ ಎಂಟಕ್ಕೆ ಏರಿಸುವುದೂ ತಪ್ಪು.

ಒತ್ತಡಕ್ಕೆ ಮದ್ದು ಒತ್ತಡದ ತಾಲೀಮೇ. ಶಾಲೆಯ ಮೈದಾನದಲ್ಲಿ ಸುಣ್ಣದ ಪುಡಿಯಿಂದ 1.22 ಮೀಟರ್ ಅಗಲದ ಲೇನ್ ಹಾಕಿ, ಎದೆಗೆ ನಂಬರ್ ಚೀಟಿ ಹಚ್ಚಿ, ಬೇರೆ ತರಗತಿಯ ಮಕ್ಕಳನ್ನು ಸುತ್ತ ನಿಲ್ಲಿಸಿ ವಾರಕ್ಕೊಮ್ಮೆ ಓಡಿಸಿ. ‘ಸೆಟ್’ ಮತ್ತು ಕ್ಲಾಪ್ ನಡುವಿನ ಅಂತರವನ್ನು ಪ್ರತಿ ಸಲ ಬದಲಿಸಿ, ಇಲ್ಲದಿದ್ದರೆ ಮಗು ಸದ್ದಿಗೆ ಕಾಯದೆ ಮೇಷ್ಟ್ರ ಲಯಕ್ಕೆ ಓಡಲು ಕಲಿತು ಕೂಟದಲ್ಲಿ ಫಾಲ್ಸ್ ಸ್ಟಾರ್ಟ್ ಆಗುತ್ತದೆ.

ಇನ್ನು ಮನಸ್ಸಿಗೆ ಚುಚ್ಚುವ ವಿಷಯ. ತಡವಾಗಿ ಬಂದ ಮಗುವಿಗೆ, ಹೋಂವರ್ಕ್ ಮಾಡದ ಮಗುವಿಗೆ ‘ಮೈದಾನ ಐದು ರೌಂಡ್ ಹೊಡಿ’ ಎಂಬ ಶಿಕ್ಷೆ ಇಂದಿಗೂ ನಡೆದಿದೆ. ವರ್ಷವಿಡೀ ಓಟವನ್ನು ಶಿಕ್ಷೆಯಾಗಿ ಕೊಟ್ಟು ಆಗಸ್ಟ್‌ನಲ್ಲಿ ಓಟವನ್ನು ಪ್ರೀತಿಸು ಅಂದರೆ ಯಾವ ಮಗು ಕೇಳೀತು? ಇದನ್ನು ಇವತ್ತೇ ನಿಲ್ಲಿಸಬೇಕು. ಅಮೆರಿಕದ ಸಿಯಾಟಲ್‌ನಲ್ಲಿ ರೊನಾಲ್ಡ್ ಸ್ಮಿತ್, ಫ್ರಾಂಕ್ ಸ್ಮಾಲ್ ಅವರು ಮಕ್ಕಳ ಬೇಸ್‌ಬಾಲ್ ತರಬೇತುದಾರರಿಗೆ ಸರಳ ಪಾಠ ಹೇಳಿಕೊಟ್ಟರು: ಒಳ್ಳೆಯದನ್ನು ತಕ್ಷಣ ಮೆಚ್ಚಿ, ತಪ್ಪಾದಾಗ ಮೊದಲು ಧೈರ್ಯ ಹೇಳಿ ಆಮೇಲೆ ತಿದ್ದಿ, ಶಿಕ್ಷಿಸಬೇಡಿ. 1992ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಆ ಪಾಠ ಕಲಿತವರ ತಂಡಗಳಲ್ಲಿ ಮರುವರ್ಷ ಆಟ ಬಿಟ್ಟ ಮಕ್ಕಳು ಶೇ 5, ಕಲಿಯದವರ ತಂಡಗಳಲ್ಲಿ ಶೇ 26.

ಬಹುಮಾನದ ಆಸೆ ತೋರಿಸುವ ಪೋಷಕರಿಗೂ ಒಂದು ಮಾತು. 1973ರಲ್ಲಿ ಮಾರ್ಕ್ ಲೆಪ್ಪರ್ ಮತ್ತು ಸಂಗಡಿಗರು ಚಿತ್ರ ಬಿಡಿಸಲು ಇಷ್ಟಪಡುತ್ತಿದ್ದ ಪುಟ್ಟ ಮಕ್ಕಳಲ್ಲಿ ಕೆಲವರಿಗೆ ‘ಬಿಡಿಸಿದರೆ ಪ್ರಶಸ್ತಿಪತ್ರ’ ಎಂದು ಮೊದಲೇ ಹೇಳಿದರು. ದಿನಗಳ ನಂತರ ನೋಡಿದರೆ ಆ ಮಕ್ಕಳು ತಾವಾಗಿ ಚಿತ್ರ ಬಿಡಿಸುವ ಹೊತ್ತು ಕುಗ್ಗಿತ್ತು. ಮೊದಲೇ ಹೇಳದೆ ಪ್ರಶಸ್ತಿಪತ್ರ ಕೊಟ್ಟ ಮಕ್ಕಳಲ್ಲಿ ಕುಗ್ಗಿರಲಿಲ್ಲ. ಸೈಕಲ್ ಕೊಡಿಸುವುದಿದ್ದರೆ ಕೊಡಿಸಿ, ‘ಗೆದ್ದರೆ ಮಾತ್ರ’ ಎಂಬ ಷರತ್ತು ಬೇಡ.

ಬೆಳಿಗ್ಗೆ ಆರರ ಬಸ್ಸು ಹತ್ತಿ ಬರಿಹೊಟ್ಟೆಯಲ್ಲಿ ಬಂದು ಮಧ್ಯಾಹ್ನ ಎರಡಕ್ಕೆ ಓಡುವ ಮಗುವಿನ ಕೈನಡುಕ ಭಯವಲ್ಲ, ಹಸಿವು. ಓಟಕ್ಕೆ ಎರಡು ಮೂರು ಗಂಟೆ ಮುಂಚೆ ಇಡ್ಲಿಯೋ ರಾಗಿ ಅಂಬಲಿಯೋ, ಆಮೇಲೆ ಒಂದು ಬಾಳೆಹಣ್ಣು ಸಾಕು, ಬೋಂಡ ಬೇಡ. ಹೆಣ್ಣುಮಕ್ಕಳು ಒಂಬತ್ತನೇ ತರಗತಿಗೆ ಬರುವಷ್ಟರಲ್ಲಿ ಆಟ ಬಿಡುವುದನ್ನು ‘ಆಸಕ್ತಿ ಇಲ್ಲ’ ಎಂದು ಬರೆಯುವ ಮುನ್ನ ಮೈದಾನದಲ್ಲಿ ಬಾಗಿಲಿರುವ, ನೀರಿರುವ ಶೌಚಾಲಯ ಮತ್ತು ಬಟ್ಟೆ ಬದಲಿಸುವ ಕೋಣೆ ಇದೆಯೇ ಎಂದು ನೋಡಬೇಕು. ಮುಟ್ಟಿನ ದಿನ ನೀರೂ ಕುಡಿಯದೆ ಇಡೀ ದಿನ ಬಿಸಿಲಲ್ಲಿ ಕೂರುವ ಹುಡುಗಿಗೆ ಯಾವ ಪ್ರೇರಣೆಯ ಮಾತೂ ತಾಗುವುದಿಲ್ಲ.

ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗಳಿಗೆ ನಮ್ಮ ಬೇಡಿಕೆ ಮೂರು: ಪ್ರತಿ ತಾಲ್ಲೂಕು ಕೂಟಕ್ಕೆ ಕನಿಷ್ಠ ಮೂರು ಸ್ಟಾಪ್‌ವಾಚ್ ಮತ್ತು ಅವನ್ನು ಹಿಡಿಯಲು ಬಲ್ಲವರು, ಸ್ಪರ್ಧೆಗಳ ವೇಳಾಪಟ್ಟಿ ಹಿಂದಿನ ದಿನವೇ ಶಾಲೆಗಳ ವಾಟ್ಸ್‌ಆ್ಯಪ್‌ಗೆ, ಮೇಲೆ ಹೇಳಿದ ಶೌಚಾಲಯ. ನಿಮ್ಮಲ್ಲಿ ಬೇಡಿಕೆ ಒಂದೇ. ಫಲಿತಾಂಶ ಅಚ್ಚು ಮಾಡುವಾಗ ಹೆಸರಿನ ಮುಂದೆ ಸಮಯ ಅಥವಾ ದೂರ ಇರಲಿ, ಮೂವರ ಬದಲು ಎಂಟು ಮಕ್ಕಳದ್ದು ಇರಲಿ. ಒಂದು ಸ್ಪರ್ಧೆಗೆ ಮೂರು ನಾಲ್ಕು ಸಾಲು ಜಾಗ ಬೇಕಾಗುತ್ತದೆ. ಆ ಪಟ್ಟಿಯನ್ನು ಅದೇ ಸಂಜೆ ಟೈಪ್ ಮಾಡಿ ನಿಮ್ಮ ತಾಲ್ಲೂಕು ವರದಿಗಾರರ ಕೈಗೆ ಮುಟ್ಟಿಸುವ ಕೆಲಸ ನಾವು ಮಾಡುತ್ತೇವೆ.

– ಕೆಲವು ದೈಹಿಕ ಶಿಕ್ಷಣ ಶಿಕ್ಷಕರು ಮತ್ತು ತರಬೇತುದಾರರು, ತುಮಕೂರು ಜಿಲ್ಲೆ